ಕೊನೆಯ ಸಾಲಿನ ಪ್ರೇಕ್ಷಕಿ

ಮೂರು ಗಂಟೆ ಹತ್ತು ನಿಮಿಷವಾದರೂ ನೆಲೋಗಿಯ ಬಸ್ಸಿನ ಸುಳಿವಿಲ್ಲ. ಅಮರನಾಥ ಜೇವರ್ಗಿಯ ಹಳೆಯ ಟಾಕೀಸಿನ ಬಾಗಿಲಲ್ಲಿ ನಿಂತು ರಸ್ತೆಯನ್ನೇ ದಿಟ್ಟಿಸುತ್ತಿದ್ದ. ಒಳಗೆ ಕೂತಿದ್ದ ಮೂವರು ವಿದ್ಯಾರ್ಥಿಗಳು ಆಕಳಿಸಿದರು, ಮೊಬೈಲು ನೋಡಿದರು, ಎದ್ದು ಹೋದರು. ಅವನು ತಡೆಯಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಬ್ಬರೇ ಒಬ್ಬರು.

"ಆ ಅಮ್ಮ ಇವತ್ತ ಬರಂಗಿಲ್ಲ ಬಿಡ್ರಿ ಮಾಸ್ತರ್," ಎಂದ ಟಾಕೀಸಿನ ಮಾಲೀಕ ಮಸೂದ. "ನಮ್ಮ ತೊಗರಿ ವ್ಯಾಪಾರಿ ಸೋಮವಾರನೇ ಲಾರಿ ತರ್ತೇನಿ ಅನ್ನಾಕತ್ತಾನ."

ವಿಷಯ ಇಷ್ಟೇ. ಅಮರನಾಥ ಆಳಂದದವನು. ಜೇವರ್ಗಿಯ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕ. ಊರಿನ ಚಿತ್ರ ಸಮಾಜದ ಸ್ಥಾಪಕ, ಕಾರ್ಯದರ್ಶಿ ಮತ್ತು ಕುರ್ಚಿ ಒರೆಸುವವನೂ ಅವನೇ. ಮುಚ್ಚಿಹೋದ ಟಾಕೀಸನ್ನು ಮಸೂದ ಎರಡು ವರ್ಷದಿಂದ ಪುಕ್ಕಟೆ ಬಿಟ್ಟುಕೊಟ್ಟಿದ್ದ. ಈಗ ಅದನ್ನು ತೊಗರಿಯ ಗೋದಾಮು ಮಾಡಲು ಗಿರಾಕಿ ಸಿಕ್ಕಿದ್ದ. ಅಮರನಾಥ ಕೈಮುಗಿದು ಬೇಡಿಕೊಂಡಾಗ ಮಸೂದ ಒಂದು ಷರತ್ತು ಹಾಕಿದ. ಸಮಾಜದವರಲ್ಲದ ಒಬ್ಬರಾದರೂ ಐದು ದಿನ ಐದೂ ಸಿನಿಮಾ ಪೂರ್ತಿ ಕೂತು ನೋಡಿದರೆ ಟಾಕೀಸು ಸಮಾಜದ್ದು. ಇಲ್ಲದಿದ್ದರೆ ತೊಗರಿಯದ್ದು.

ಬುದ್ಧಿ ಇದ್ದವನಾದರೆ ಹೊಡೆದಾಟದ ಸಿನಿಮಾ ಹಾಕುತ್ತಿದ್ದ. ಈ ಪುಣ್ಯಾತ್ಮ ಹಾಕಿದ್ದು ಗ್ರೀಸ್ ದೇಶದ ನಿರ್ದೇಶಕ ಸ್ತಾವ್ರೋಸ್ ಕಲಿಯಾನಿಸ್‌ನ ಚಿತ್ರಗಳ ಸಿಂಹಾವಲೋಕನ. ಮೊದಲ ಚಿತ್ರದಲ್ಲಿ ಒಬ್ಬ ಮುದುಕ ರೈಲಿಗಾಗಿ ಕಾಯುತ್ತಾನೆ. ರೈಲು ಬರುವುದಿಲ್ಲ. ಎರಡೂವರೆ ತಾಸು. ಎರಡನೆಯದರಲ್ಲಿ ರೈಲು ಬರುತ್ತದೆ, ಮುದುಕ ಹತ್ತುವುದಿಲ್ಲ. ಮೂರು ತಾಸು.

ಮೊದಲ ದಿನ ಬಂದ ನಲವತ್ತು ಮಂದಿಯಲ್ಲಿ ಕೊನೆಯವರೆಗೆ ಉಳಿದವರು ನೆಲೋಗಿಯ ಸುಮಿತ್ರಾಬಾಯಿ ಒಬ್ಬರೇ. ಐವತ್ತರ ಆಸುಪಾಸು. ಹಣೆಗೆ ವಿಭೂತಿ, ಇಳಕಲ್ ಸೀರೆ, ತೊಡೆಯ ಮೇಲೆ ಕೈಚೀಲ. ಅಷ್ಟೂ ಕುರ್ಚಿ ಖಾಲಿ ಇದ್ದರೂ ಕೊನೆಯ ಸಾಲಿನಲ್ಲಿ, ಅಮರನಾಥನ ಪ್ರೊಜೆಕ್ಟರಿನ ಪಕ್ಕದಲ್ಲೇ ಕೂತರು.

"ಮುಂದ ಕುಂಡ್ರರಿ ಅವ್ವಾರ, ಛಲೋ ಕಾಣ್ತದ."

"ನನಗ ಇಲ್ಲೇ ಬರೋಬರಿ ಅದರಿ."

ದೂರ ಕೂತು ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯುವ ಕಣ್ಣು ಎಂದುಕೊಂಡು ಅಮರನಾಥ ಪುಳಕಗೊಂಡ. ಕನ್ನಡದಲ್ಲಿ ಕಥಾಸಾರ ಬರೆದಿದ್ದ ಹಾಳೆ ಕೊಟ್ಟ. "ನೀವೇ ಬರದೀರೇನ್ರಿ ಸರ? ಅಕ್ಷರ ದುಂಡಗ ಅದಾವ," ಎಂದು ಅದನ್ನು ಮಡಿಚಿ ಚೀಲದೊಳಗೆ ಇಟ್ಟುಕೊಂಡರು.

ಎರಡನೆಯ ದಿನ ತೆರೆಯ ಮೇಲೆ ಹೆಣ ಹೊತ್ತು ನಡೆದಿದ್ದರು. ಕತ್ತಲಲ್ಲಿ ಅಮರನಾಥ ಪ್ರೊಜೆಕ್ಟರಿನ ವೈರು ಎಡವಿ ಮುಗ್ಗರಿಸಿದ. ಅದೇ ಹೊತ್ತಿಗೆ ಸುಮಿತ್ರಾಬಾಯಿ ಕಿಸಕ್ಕನೆ ನಕ್ಕರು. ಶವಯಾತ್ರೆಯೊಳಗೆ ನಿರ್ದೇಶಕ ಬಚ್ಚಿಟ್ಟ ವ್ಯಂಗ್ಯವನ್ನು ಹಿಡಿದುಬಿಟ್ಟಿದ್ದರು! ಕಲಬುರಗಿಯ ವಿಮರ್ಶಕರಿಗೂ ಹೊಳೆಯದ ಮಾತು ಎಂದು ಅವನು ಅವತ್ತೇ ಡೈರಿಯಲ್ಲಿ ಬರೆದ. ಆಮೇಲೆ ಕರೆಂಟು ಮೂರು ಸಲ ಹೋಯಿತು. ಮೂರು ಸಲವೂ ಅವನು ಗೊಣಗದೆ ಮತ್ತೆ ಶುರು ಮಾಡಿದ.

"ನಿಮಗ ಸಿಟ್ಟ ಬರಂಗಿಲ್ಲೇನ್ರಿ?"

"ಇಂಥಾ ಸಿನಿಮಾ ನೋಡಿದವರಿಗೆ ಸಿಟ್ಟ ಉಳಿಯಂಗಿಲ್ರಿ ಅವ್ವಾರ."

"ಅದು ಮುಖ್ಯ ನೋಡ್ರಿ," ಎಂದು ಸುಮಿತ್ರಾಬಾಯಿ ತಲೆದೂಗಿದರು.

ಮೂರನೆಯ ದಿನ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರು. ತಾವು ಒಂದು ತುತ್ತೂ ಮುಟ್ಟದೆ ಅವನು ತಿನ್ನುವುದನ್ನೇ ನೋಡಿದರು. ನಡುವೆ ಆಳಂದದಿಂದ ಅವನ ತಾಯಿಯ ಫೋನು ಬಂತು. ನಾಲ್ಕು ದಿನದಿಂದ ಏನೋ ಹೇಳಬೇಕೆಂದು ಆಕೆ ಫೋನು ಮಾಡುತ್ತಲೇ ಇದ್ದರು. "ಐತವಾರ ಮುಗೀಲಿ ಯವ್ವಾ, ಆಮ್ಯಾಲ ಹೇಳು," ಎಂದು ಇಟ್ಟುಬಿಟ್ಟ.

"ತಾಯಿ ಮಾತ ಹಂಗ ನಡುವ ಕಡೀಬಾರದ್ರಿ," ಎಂದು ಸುಮಿತ್ರಾಬಾಯಿ ಮೆಲ್ಲಗೆ ಗದರಿದರು. ಅವನಿಗೆ ನಾಚಿಕೆಯಾಯಿತು. ತಿರುಗಿ ಫೋನು ಮಾಡಿದ, ಲೈನು ಸಿಗಲಿಲ್ಲ. ಇಂಥ ಪ್ರೇಕ್ಷಕಿ ಬೈದರೂ ಅವನಿಗೆ ಹಿತವೇ.

ಇವತ್ತು ನಾಲ್ಕನೆಯ ದಿನ. ಮೂರೂ ಮುಕ್ಕಾಲಿಗೆ ಕೆಂಪು ಬಸ್ಸು ಬಂದು ನಿಂತಿತು. ಸುಮಿತ್ರಾಬಾಯಿ ಸೆರಗು ಸರಿಮಾಡಿಕೊಳ್ಳುತ್ತಾ ಇಳಿದರು. ಅಮರನಾಥನಿಗೆ ಹೋದ ಜೀವ ಬಂದಂತಾಯಿತು.

"ಬಸ್ಸ ಕೆಟ್ಟಿತ್ರಿ. ನನ್ನ ಸಲುವಾಗಿ ನಿಂತಿದ್ರೇನು?"

"ನೀವು ಬರದ ಹೆಂಗ ಶುರು ಮಾಡ್ಲಿರಿ?"

ಸುಮಿತ್ರಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತಮ್ಮ ಜಾಗಕ್ಕೆ ಹೋಗಿ ಕೂತರು.

ಭಾನುವಾರ ಐದನೆಯ ಚಿತ್ರವೂ ಮುಗಿಯಿತು. ಮಸೂದ ದೀಪ ಹಾಕಿ ಒಳಗೆ ಬಂದ. ಮಾತಿಗೆ ತಪ್ಪುವವನಲ್ಲ, ಮೋಸಕ್ಕೆ ಬಗ್ಗುವವನೂ ಅಲ್ಲ.

"ಅಮ್ಮಾ, ಐದೂ ದಿನ ನಾ ಗೇಟಿನ್ಯಾಗ ಕುಂತು ನೋಡೇನಿ. ನೀವು ಒಂದ ಸಲಾನೂ ನಡುವ ಎದ್ದು ಹೋಗಿಲ್ಲ. ಖರೇ ಹೇಳ್ರಿ, ಐದೂ ಸಿನಿಮಾ ಪೂರಾ ನೋಡಿದ್ರಿಲ್ಲ?"

ಅಮರನಾಥ ಅವರ ಬಾಯನ್ನೇ ನೋಡಿದ. ಒಂದು 'ಹೌದು' ಸಾಕಿತ್ತು.

"ಸುಳ್ಳ ಯಾಕ ಹೇಳ್ಲಿ ಸಾಬ್ರ," ಎಂದರು ಸುಮಿತ್ರಾಬಾಯಿ. "ಒಂದೂ ನೋಡಿಲ್ಲ."

ಅಮರನಾಥ ಪಕ್ಕದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಎರಡು ವರ್ಷ ಕಟ್ಟಿ ಬೆಳೆಸಿದ ಸಮಾಜ ಒಂದೇ ಮಾತಿಗೆ ನೀರುಪಾಲಾಗಿತ್ತು. ದೊಡ್ಡವನಾದರೂ ಅವನಿಗೆ ಅಳು ಬಂತು. ಮಸೂದನಿಗೂ ಪಾಪ ಅನ್ನಿಸಿ ಅವನ ಹೆಗಲ ಮೇಲೆ ಕೈಯಿಟ್ಟ.

"ಇವರ ತಾಯಿ ಲಗ್ನದ ಸಂಬಂಧ ಹೇಳಿ ಕಳಿಸಿದ್ರು. ನಾ ಬಂದಿದ್ದು ಹುಡುಗನ್ನ ನೋಡಾಕ್ರಿ. ಪರದೆ ಕಡೆ ಮುಖಾನೇ ಮಾಡಿಲ್ಲ," ಎಂದು ಸುಮಿತ್ರಾಬಾಯಿ ಕೈಚೀಲ ಹೆಗಲಿಗೇರಿಸಿ ಎದ್ದರು.

"ಗ್ರೀಕ್ ಸಿನಿಮಾ ಅಂದ್ರ ಜೀವಾ ಬಿಡಾಕಿ ನನ್ನ ಮಗಳು ಭಾಗ್ಯಜ್ಯೋತಿ, ಐದೂ ದಿನ ಬಂದು ನೋಡ್ತೇನಿ ಅಂತ ಕಾಲಿಗೆ ಬಿದ್ದಳು, ಹುಡುಗ ಹೆಂಗದಾನೋ ಏನೋ ಅಂತ ಆಕಿನ್ನ ಮನ್ಯಾಗ ಕೂಡಿಹಾಕಿ ನಾ ಬಂದೇನಿ, ಇನ್ನ ಮ್ಯಾಲ ಈ ಕುರ್ಚಿ ಆಕಿದು, ತೊಗರಿ ಬ್ಯಾರೆ ಕಡೆ ಹಾಕಿಸ್ರಿ ಸಾಬ್ರ."