ಮೂರು ಗಂಟೆ ನಲವತ್ತು ನಿಮಿಷ

"ಮೂರು ಗಂಟೆ ನಲವತ್ತು ನಿಮಿಷ, ಅಕ್ಕಾ. ದಿನಕ್ಕೆ ಅಷ್ಟು ಹೊತ್ತು ನೀವು ಕೈ ಕಟ್ಕೊಂಡು ಕೂತಿರ್ತೀರಿ," ಎಂದ ಪ್ರೆಸ್ಸಿನ ಯಜಮಾನ. "ಸೋಮವಾರದಿಂದ ಬೈಂಡಿಂಗ್ ಕೋಣೆಗೆ ಹೋಗಿ. ಕೂತು ಅಚ್ಚಾದ ಫಾರಂ ಮಡಚಿದ್ರೆ ಸಾಕು. ಕಂಪ್ಯೂಟರಲ್ಲಿ ಪುಟ ಕಟ್ಟೋಕೆ ಬೇರೆಯವರು ಬರ್ತಾರೆ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಾರು ವರ್ಷ ಪುಟ ಕಟ್ಟಿದ ಕೈ ಅದು. ಈ ಯಜಮಾನ ತನ್ನ ಅಪ್ಪನ ಕುರ್ಚಿಗೆ ಬಂದ ಹೊಸತರಲ್ಲಿ ಅಂಚು ಎಷ್ಟು ಬಿಡಬೇಕು, ಸಾಲು ಎಲ್ಲಿ ಮುರಿಯಬೇಕು ಎಂದು ಹೇಳಿಕೊಟ್ಟವಳೂ ಅವಳೇ. ಈಗ ಅವಳನ್ನು ಮೂಲೆಗೆ ತಳ್ಳುವ ಮಾತನ್ನು ಎಷ್ಟು ಸಲೀಸಾಗಿ ಆಡಿಬಿಟ್ಟ!

"ಕೈ ಕಟ್ಕೊಂಡು ಕೂತಿಲ್ಲ ಸರ್, ಕಾಯ್ತಾ ಕೂತಿರ್ತೀನಿ. ಮೂರು ತಿಂಗಳಿಂದ ಬಡ್ಕೋತಾ ಇದ್ದೀನಿ, ಒಂದು ಚಿತ್ರ ಆಚೀಚೆ ಸರಿಸಿದ್ರೆ ಈ ಕಂಪ್ಯೂಟರ್ ಅರ್ಧ ನಿಮಿಷ ಅಲ್ಲಾಡಲ್ಲ ಅಂತ."

"ಬಿಟ್ಟಿ ಸಿಗೋ ಲಿನಕ್ಸ್ ಹಾಕ್ಕೊಂಡ್ರೆ ಹಾಗೇ ಅಕ್ಕಾ," ಎಂದು ಬಾಗಿಲಿಗೆ ಒರಗಿಕೊಂಡೇ ಹೇಳಿದ ಯಜಮಾನನ ಭಾವಮೈದುನ. ಮೂರು ತಿಂಗಳ ಹಿಂದೆ ಪ್ರೆಸ್ಸಿನ ಕಂಪ್ಯೂಟರುಗಳ ಉಸ್ತುವಾರಿಯನ್ನು ತಲೆ ಮೇಲೆ ಹೊತ್ತುಕೊಂಡ ಮಹಾಶಯ. ಅವಳು ದೂರು ಹೇಳಿದಾಗಲೆಲ್ಲ ಫ್ಯಾನಿನ ಧೂಳು ಊದಿ, "ವಯಸ್ಸಾಯ್ತು" ಎಂದು ಹೋಗುತ್ತಿದ್ದ. ಕಂಪ್ಯೂಟರಿಗೋ ತನಗೋ ಎಂದು ಅವಳು ಕೇಳಿರಲಿಲ್ಲ. ಆರು ವರ್ಷದ ಹಿಂದೆ ದುಡ್ಡು ಕೇಳುವ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಗುಜರಿಗೆ ಹೊರಟಿದ್ದ ಇದೇ ಡಬ್ಬಕ್ಕೆ ಜೀವ ತಂದವಳು ಅವಳು. ಆಗ ಬಿಟ್ಟಿ ಎಂದು ಹಿಗ್ಗಿದವನು ಇದೇ ಯಜಮಾನ.

ಇಬ್ಬರೂ ಊಟಕ್ಕೆ ಹೋದರು. ಅಕ್ಕ ತನ್ನ ಡಬ್ಬಿ ಬಿಚ್ಚಲಿಲ್ಲ. ಆ ಲೆಕ್ಕ ತಲೆಯೊಳಗೇ ಕೊರೆಯುತ್ತಿತ್ತು. ಮೂರು ಗಂಟೆ ಎಂದಿದ್ದರೆ ಬಾಯಿಗೆ ಬಂದ ಮಾತು ಅನ್ನಬಹುದಿತ್ತು. ಆ ನಲವತ್ತು ನಿಮಿಷವನ್ನು ಎಣಿಸಿದವರು ಯಾರು?

ಉಸ್ತುವಾರಿಯವನಿಗೆ ಬೇಜಾರಾದೀತು ಎಂದು ಇಷ್ಟು ದಿನ ಕೈ ಹಾಕದೆ ಇದ್ದದ್ದೇ ತಪ್ಪು ಅನ್ನಿಸಿತು. ಟರ್ಮಿನಲ್ ತೆರೆದು, ಯಾವ ಪ್ರೋಗ್ರಾಂ ಎಷ್ಟು ಶಕ್ತಿ ನುಂಗುತ್ತಿದೆ ಎಂದು ತೋರಿಸುವ ಆಜ್ಞೆ ಕೊಟ್ಟಳು. ಪಟ್ಟಿ ಬಿಚ್ಚಿಕೊಂಡಿತು. ಅವಳ ಪುಟ ಕಟ್ಟುವ ಪ್ರೋಗ್ರಾಂ ನೂರಕ್ಕೆ ನಾಲ್ಕು ಪಾಲು ಇಟ್ಟುಕೊಂಡು ಬಡಪಾಯಿಯಂತೆ ಕೆಳಗೆ ಕೂತಿತ್ತು. ಮೇಲಿನ ಸಾಲಿನಲ್ಲಿ ಅವಳು ಎಂದೂ ಕಾಣದ ಒಂದು ಹೆಸರು ತೊಂಬತ್ತೊಂದು ಪಾಲು ತಿಂದು ತೇಗುತ್ತಿತ್ತು. ಅದೂ ಅವಳ ಲಾಗಿನ್ನಿನಲ್ಲೇ, ಅವಳ ಹೆಸರಿನಲ್ಲೇ ಓಡುತ್ತಿತ್ತು.

ಅದರ ಜಾಡು ಹಿಡಿದು ಹೋದರೆ ಒಂದು ಫೋಲ್ಡರ್ ಸಿಕ್ಕಿತು. ಒಳಗೆಲ್ಲ ಫೋಟೋಗಳು. ಎರಡು ಸೆಕೆಂಡಿಗೊಂದು. ಪರದೆಯದ್ದೊಂದು, ಲೇಖಕರ ಜೊತೆ ಮಾತಾಡಲೆಂದು ಮಾನಿಟರಿಗೆ ಸಿಕ್ಕಿಸಿದ್ದ ಕ್ಯಾಮೆರಾ ಹಿಡಿದದ್ದೊಂದು. ಹತ್ತು ಲಕ್ಷ ದಾಟಿದ್ದವು, ಡಿಸ್ಕಿನಲ್ಲಿ ಇನ್ನು ಸೂಜಿ ಇಡಲೂ ಜಾಗವಿರಲಿಲ್ಲ. ಪಕ್ಕದ ಕಡತದಲ್ಲಿ ಅವಳ ಕೈ ಆಡದ ಪ್ರತಿ ನಿಮಿಷದ ಲೆಕ್ಕವಿತ್ತು. ಅವಳು ತೆರೆದು ನೋಡಿದ ಕ್ಯಾಮೆರಾ ಫೋಟೋಗಳಲ್ಲೆಲ್ಲ ಅವಳೇ: ಮೌಸಿನ ಮೇಲೆ ಕೈಯಿಟ್ಟು ಪರದೆ ಅಲ್ಲಾಡಲಿ ಎಂದು ಕಾಯುತ್ತಿರುವವಳು, ಕನ್ನಡಕ ಒರೆಸುವವಳು. ತಮ್ಮ ಆಸ್ಪತ್ರೆಯಲ್ಲಿದ್ದ ವಾರ, ಯಾರಿಗೂ ಕಾಣಬಾರದೆಂದು ಮಾನಿಟರಿನ ಮರೆಯಲ್ಲಿ ಕಣ್ಣೊರೆಸಿಕೊಂಡದ್ದೂ ಅಲ್ಲಿತ್ತು. ಇಷ್ಟು ವರ್ಷದಲ್ಲಿ ಅವಳಿಗೆ ಇಂಥ ಸಿಟ್ಟು ಬಂದಿರಲಿಲ್ಲ.

ಊಟ ಮುಗಿಸಿ ಬಂದವರನ್ನು ಅವಳು ಕುರ್ಚಿ ಬಿಟ್ಟೇಳದೆ ಕರೆದಳು. ಪರದೆ ನೋಡಿದ ಭಾವಮೈದುನನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಎರಡು ನಿಮಿಷಕ್ಕೊಂದು ಅಂತ ಹಾಕಿದ್ದೆ ಭಾವಾ..."

"ಸೆಕೆಂಡು," ಎಂದು ಅಕ್ಕ ಬೆರಳಿಟ್ಟು ತೋರಿಸಿದಳು. "ನಾನು ಕೆಲಸ ಮಾಡ್ತೀನೋ ಇಲ್ವೋ ಅಂತ ನೋಡೋದರಲ್ಲೇ ಇದಕ್ಕೆ ಪುರುಸೊತ್ತಿಲ್ಲ. ಇನ್ನು ನನ್ನ ಕೆಲಸ ಎಲ್ಲಿಂದ ಮಾಡುತ್ತೆ?"

ಅವರ ಕಣ್ಣೆದುರೇ ಆ ಪ್ರೋಗ್ರಾಮನ್ನು ನಿಲ್ಲಿಸಿದಳು. ಮೂರು ತಿಂಗಳಿಂದ ಗೊರಗುಟ್ಟುತ್ತಿದ್ದ ಫ್ಯಾನು ತಣ್ಣಗಾಯಿತು. ಬಾಕಿ ಉಳಿದಿದ್ದ ಕೈತೋಟದ ಪುಸ್ತಕ ತೆರೆದು ಚಿತ್ರಗಳನ್ನು ಒಂದೊಂದಾಗಿ ಕೂರಿಸುತ್ತ ಹೋದಳು. ಹದಿನಾರು ಪುಟದ ಒಂದು ಇಡೀ ಫಾರಂ, ನಿಂತವರ ಕಾಲು ನೋಯುವುದರೊಳಗೆ ಮುಗಿಯಿತು.

ಯಜಮಾನ ಬಾಗಿಲ ಕಡೆ ಹೊರಟ. "ಸರಿ, ಬಿಡಿ ಅಕ್ಕಾ, ಆಗಿದ್ದಾಯ್ತು. ಸೋಮವಾರದಿಂದ ನೀವೇ ಇಲ್ಲಿ ಕೂತ್ಕೊಳ್ಳಿ." ಒಂದು ಹೆಜ್ಜೆ ಹೋದವನು ತಿರುಗಿ ನಿಂತ. "ಆದ್ರೆ ಅದನ್ನ ಪೂರ್ತಿ ಕಿತ್ತು ಹಾಕ್ಬೇಡಿ. ಗಂಟೆಗೊಂದು ಫೋಟೋ ಸಾಕು. ಕೆಲಸಕ್ಕೇನೂ ತೊಂದರೆ ಆಗಲ್ವಲ್ಲ?"

ಕ್ಷಮೆಯ ಒಂದು ಮಾತಾದರೂ ಬಂದೀತು ಎಂದು ಕಾದಿದ್ದವಳು ಮತ್ತೆ ಫೋಲ್ಡರ್ ತೆರೆದಳು. ಆ ಪ್ರೋಗ್ರಾಮನ್ನೂ ಹತ್ತು ಲಕ್ಷ ಫೋಟೋಗಳನ್ನೂ ಅಳಿಸಿದಳು, ಒಂದನ್ನು ಬಿಟ್ಟು. ಅದು ಎಲ್ಲಕ್ಕಿಂತ ಮೊದಲಿನದು, ಅವಳು ಮನೆಗೆ ಹೋದ ಮೇಲೆ ತೆಗೆದದ್ದು. ಅವಳ ಖಾಲಿ ಕುರ್ಚಿಯ ಎರಡೂ ಬದಿಯಿಂದ ಬಗ್ಗಿ, ಕ್ಯಾಮೆರಾ ಸರಿಯಾಗಿ ಕೂತಿದೆಯೇ ಎಂದು ಇಣುಕುತ್ತಾ, ಯಜಮಾನನೂ ಭಾವಮೈದುನನೂ ಹಲ್ಲು ಕಿರಿಯುತ್ತಿದ್ದರು.

ಅದನ್ನೇ ಪರದೆಯ ತುಂಬ ಹಿನ್ನೆಲೆ ಚಿತ್ರವಾಗಿ ಹಾಕಿ, ಬಾಗಿಲಿನಿಂದ ಒಳಗೆ ಬರುವ ಯಾರಿಗಾದರೂ ಕಾಣುವ ಹಾಗೆ ಮಾನಿಟರನ್ನು ತಿರುಗಿಸಿದಳು.

"ಇದೊಂದು ಇರಲಿ ಸರ್," ಎಂದಳು. "ಕೆಲಸಕ್ಕೇನೂ ತೊಂದರೆ ಆಗಲ್ಲ."