ಏಳನೇ ಫಾರಂ

ಸೂಜಿ ಒಂದು ಕಮ್ಮಿ ಬಂತು.

ಮೇಸ್ತ್ರಿ ಮತ್ತೆ ಎಣಿಸಿದ. ಏಳು ಹೆಂಗಸರು, ಏಳು ಸೂಜಿ ಇರಬೇಕು. ಆರೇ ಇದ್ದವು. ಹಿಂದಿನ ರಾತ್ರಿ ಅವನು ಓದಿದ ಪುಸ್ತಕದಲ್ಲೂ ಹೀಗೆಯೇ ಶುರುವಾಗಿತ್ತು.

"ಯಾರ ಹತ್ರ ಇದೆ? ಬಾಯಿ ಬಿಡ್ರೇ!"

"ನಿಮ್ಮ ಅಂಗಿಗೇ ಚುಚ್ಚಿಕೊಂಡಿರಬೇಕು, ನೋಡ್ಕೊಳ್ಳಿ ಅಣ್ಣಾ," ಎಂದಳು ಗುಬ್ಬಿ. ಹಾಳೆ ಮಡಿಸುವ ಆ ಕಡ್ಡಿಯಂಥ ಹೆಂಗಸಿಗೆ ಮೈಯೆಲ್ಲ ನಾಲಿಗೆ. ಉಳಿದವರು ತಲೆ ತಗ್ಗಿಸಿ ನಕ್ಕರು.

ಅದು ಪುಸ್ತಕ ಕಟ್ಟುವ ಮನೆ. ಹೆಂಗಸರು ಅಲ್ಲೇ ಮಡಿಸಿ, ಅಲ್ಲೇ ಹೊಲಿದು, ಅಲ್ಲೇ ಮಲಗುತ್ತಿದ್ದರು. ಬಾಗಿಲಿಗೆ ಬೀಗ. ಗುರುತಿನ ಕಾರ್ಡುಗಳು ಧಣಿಯ ಡ್ರಾಯರಿನಲ್ಲಿ, ಅದಕ್ಕೂ ಬೀಗ. ಕಾರ್ಡಿಲ್ಲದೆ ಬೀದಿಗಿಳಿದವಳೊಬ್ಬಳನ್ನು ಹಿಂದೊಮ್ಮೆ ಪೊಲೀಸರೇ ಹಿಡಿದು ತಂದು ಇದೇ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಎರಡೂ ಕೀಲಿ ಮೇಸ್ತ್ರಿಯ ಸೊಂಟದಲ್ಲಿ ಜಣಜಣ ಎನ್ನುತ್ತಿದ್ದವು. ಬೆನ್ನ ಹಿಂದೆ ಅವನ ಹೆಸರು ಬೀಗಣ್ಣ.

"ಓದು ಬರದವರನ್ನೇ ಆರಿಸಿ ತಂದಿದೀನಿ," ಎನ್ನುತ್ತಿದ್ದ ಧಣಿ. "ಓದೋರ ಕೈ ನಿಧಾನ."

ಆದರೆ ಈ ಸಲ ಬಂದದ್ದು ಚಿತ್ರಕಾದಂಬರಿ. ಹಿಂದಿನ ಕಾಲದ ಗುಲಾಮ ಹೆಂಗಸರು ಕಾವಲುಗಾರನಿಗೆ ತಿರುಗಿಬಿದ್ದ ಕಥೆ. ಬೊಂಬೆ ನೋಡಲು ಅಕ್ಷರ ಯಾಕೆ ಬೇಕು? ಭಾನುವಾರ ದೊಡ್ಡ ಸಭಾಂಗಣದಲ್ಲಿ ದೀಪ, ಕ್ಯಾಮೆರಾ, ಭಾಷಣ. ಬಿಡುಗಡೆ ಪುಸ್ತಕಕ್ಕೆ, ಕಟ್ಟಿದವರಿಗಲ್ಲ.

ಸೂಜಿ ಕಳೆಯುವ ಹಿಂದಿನ ದಿನವಷ್ಟೇ ಗುಬ್ಬಿ ಒಂದು ಹಾಳೆ ಹಿಡಿದು ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದಳು. ಮೇಸ್ತ್ರಿಗೆ ಅನುಮಾನ ಬಂತು. ತನಗೂ ಒಂದು ಪ್ರತಿ ಬೇಕೆಂದ.

ಹದಿನಾರು ಪುಟದ ಒಂದು ಮಡಿಕೆ ಒಂದು ಫಾರಂ. ಪ್ರತಿ ಫಾರಂ ಬೆನ್ನಿಗೂ ಒಂದು ಕಪ್ಪು ಗುರುತು. ಸರಿಯಾಗಿ ಜೋಡಿಸಿದರೆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಈ ಪುಸ್ತಕಕ್ಕೆ ಪುಟಸಂಖ್ಯೆಯೂ ಇರಲಿಲ್ಲ, ಮೆಟ್ಟಿಲೇ ಗತಿ. ಒಂದು ಮೆಟ್ಟಿಲು ತಪ್ಪಿದರೂ ಮೇಸ್ತ್ರಿಯ ಕಣ್ಣು ಮಾರು ದೂರದಿಂದಲೇ ಹಿಡಿಯುತ್ತಿತ್ತು.

"ಮೇಸ್ತ್ರಿಗೆ ಬಿಡಿ ಹಾಳೆ ಕೊಡೋದಾ? ಚೆನ್ನಾಗಿರಲ್ಲ," ಎಂದಳು ಹೊಲಿಗೆಯ ದೊಡ್ಡಕ್ಕ. "ರಟ್ಟು ಹಚ್ಚಿ ಕೊಡ್ತೀನಿ, ಇರಪ್ಪಾ."

ಬೆನ್ನಿಗೆ ದಪ್ಪಗೆ ಅಂಟು ಮೆತ್ತಿ, ರಟ್ಟು ಕೂರಿಸಿ, ಎರಡೂ ಕೈಯಲ್ಲಿ ಕೊಟ್ಟಳು. ಅವನಿಗೆ ಹಾಗೆ ಮರ್ಯಾದೆ ಕೊಟ್ಟವರು ಕಡಿಮೆ.

ನಾಲ್ಕನೇ ಕ್ಲಾಸಿನ ಓದು. ಬೆರಳಿಟ್ಟು ಓದಿದ. ಕಾವಲುಗಾರ ಹಿಡಿಸಿದ: ಅಗಲ ಎದೆ, ಸೊಂಟದಲ್ಲಿ ಕೀಲಿ. ಚಿತ್ರ ಬರೆದಾಕೆ ಅವನ ಕಾಲನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಹೆಂಗಸರು ಮೊದಲು ಸೂಜಿ ಕದಿಯುತ್ತಾರೆ. ಆಮೇಲೆ ಕಾವಲುಗಾರನ ಲೋಟಕ್ಕೆ ನಿದ್ದೆಯ ಸೊಪ್ಪು ಹಿಂಡುತ್ತಾರೆ. ಆಮೇಲೆ ಅಟ್ಟದ ಕಿಂಡಿಯಿಂದ ಇಳಿಯಲು ಬಟ್ಟೆಗೆ ಬಟ್ಟೆ ಗಂಟು ಹಾಕುತ್ತಾರೆ. ಕಾವಲುಗಾರ ಕಿಂಡಿಗೆ ಮೊಳೆ ಜಡಿಯುತ್ತಾನೆ. ಪುಟ ತಿರುವಿದರೆ ಹೆಂಗಸರು ರಸ್ತೆಯಲ್ಲಿದ್ದಾರೆ!

"ಬರೆದವಳಿಗೆ ತಲೆ ಇಲ್ಲ," ಎಂದು ಗೊಣಗಿದ. "ಮೊಳೆ ಸಡಿಲ ಇತ್ತೋ ಏನೋ."

ಸೂಜಿ ಹೋದ ಮರುದಿನ ಚಹಾ ಕಹಿ ಬಂತು. ಉಗಿದು ಬಂದ. ಅದರ ಮರುದಿನ ರದ್ದಿ ರಾಶಿಯ ಅಡಿಯಲ್ಲಿ ಗಂಟು ಹಾಕಿದ ಬಟ್ಟೆ ಸಿಕ್ಕಿತು. ಏಣಿ ಹಾಕಿ ಅಟ್ಟ ಹತ್ತಿ ಕಿಂಡಿಗೆ ಒಂದಕ್ಕೆರಡು ಮೊಳೆ ಹೊಡೆದ. ಏಣಿ ಹಿಡಿದುಕೊಂಡವಳು ಗುಬ್ಬಿ.

"ಅಣ್ಣಾ, ನಿಮ್ಮ ಕಾರ್ಡ್ ಎಲ್ಲಿದೆ?"

"ಧಣಿ ಡ್ರಾಯರಲ್ಲಿ. ಭದ್ರವಾಗಿದೆ."

"ಮತ್ತೇನು! ನಮ್ಮದೂ ಭದ್ರವಾಗಿದೆ."

ಧಣಿಗೆ ಫೋನ್ ಮಾಡಿದರೆ ಬೈಗುಳ. "ಬೊಂಬೆ ನೋಡಿ ಹೆದರ್ತೀಯೇನೋ? ನಾಳೆ ಗಾಡಿ ಬರುತ್ತೆ, ತುಂಬಿಸು. ಬಾಗಿಲು ತೆರೆದು ಬಿಟ್ಟೆಯೋ, ನಿನ್ನ ಕಾರ್ಡು ಹರಿದು ಹಾಕ್ತೀನಿ."

ಶನಿವಾರ ಮಧ್ಯಾಹ್ನ ಗಾಡಿ ಬಂತು. ಹೊಲಿಗೆ ಬೆಳಿಗ್ಗೆಯೇ ಮುಗಿದಿತ್ತು. ಹೆಂಗಸರು ಕಟ್ಟು ಹೊತ್ತು ಮುಂಬಾಗಿಲಲ್ಲಿ ಹೋಗಿ ಬಂದು ಮಾಡುತ್ತಿದ್ದರು. ಗಾಡಿಯವನು ಫೋನಿನಲ್ಲಿ ಮುಳುಗಿದ್ದ. ಮೇಸ್ತ್ರಿ ಹೊಸ್ತಿಲಲ್ಲಿ ನಿಂತು ತಲೆ ಎಣಿಸುತ್ತಿದ್ದ. ದೊಡ್ಡಕ್ಕ ಮೂಲೆಯಲ್ಲಿ ಕೂತು ದಾರ ಎಳೆಯುತ್ತಲೇ ಇದ್ದಳು.

ಅಟ್ಟದಲ್ಲಿ ಟಪ್ ಎಂದಿತು.

ಗುಬ್ಬಿ ಕಾಣಲಿಲ್ಲ. ಮತ್ತೆ ಟಪ್. ಸಿಕ್ಕಿಬಿದ್ದಳು! ಕೀಲಿ ಜಣಗುಟ್ಟಿದರೆ ಹಕ್ಕಿ ಹಾರೀತು. ಗೊಂಚಲು ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಬೆಕ್ಕಿನ ಹೆಜ್ಜೆಯಲ್ಲಿ ಏಣಿ ಹತ್ತಿದ. ಕತ್ತಲಲ್ಲಿ ಕಿಂಡಿಯ ಪಕ್ಕ ಉಸಿರು ಬಿಗಿಹಿಡಿದು ಕೂತ. ಟಪ್. ಟಪ್. ಆಮೇಲೆ ನಿಂತಿತು. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಕಾದ. ಕಾಲು ಜೋಮು ಹಿಡಿಯಿತು.

ಕೊನೆಗೆ ಕೈಯಾಡಿಸಿದ. ಒಂದು ತಗಡಿನ ತುಂಡು ಸಿಕ್ಕಿತು. ಅದಕ್ಕೆ ಕಟ್ಟಿದ ಹೊಲಿಗೆಯ ದಾರ ಹಲಗೆಯ ಸಂದಿನಲ್ಲಿ ದೊಡ್ಡಕ್ಕ ಕೂತಿದ್ದ ಮೂಲೆಗೆ ಇಳಿದಿತ್ತು.

ಕೆಳಗೆ ನರಪಿಳ್ಳೆಯಿಲ್ಲ. ಗಾಡಿ ಹೋಗಿತ್ತು. ಒಂದು ಕಟ್ಟನ್ನೂ ಉಳಿಸದೆ ತುಂಬಿ ಕಳಿಸಿದ್ದರು. ಗೊಂಚಲು ಧಣಿಯ ಡ್ರಾಯರಿನ ಬೀಗದಲ್ಲಿ ತೂಗುತ್ತಿತ್ತು. ಒಳಗೆ ಎಂಟರಲ್ಲಿ ಒಂದೇ ಕಾರ್ಡು, ಅವನದು. ಅದರಡಿ ಮಡಿಸಿದ ಒಂದು ಫಾರಂ, ಕಳೆದ ಸೂಜಿ ಚುಚ್ಚಿಟ್ಟದ್ದು. ಬೆನ್ನಿನ ಕಪ್ಪು ಗುರುತನ್ನು ಅವನ ಕಣ್ಣು ತಾನಾಗಿ ಅಳೆಯಿತು. ಏಳನೇ ಮೆಟ್ಟಿಲು. ರಟ್ಟು ಹಚ್ಚಿ ಮೆಟ್ಟಿಲು ಮರೆಮಾಡಿದ ಅವನ ಪುಸ್ತಕಕ್ಕೆ ಹೊಲಿಯದೆ ಉಳಿಸಿದ್ದು.

ಬಿಡಿಸಿದ. ಕಾವಲುಗಾರ ಕೀಲಿಯನ್ನು ಮೊಳೆಗೆ ಹಾಕಿ ಅಟ್ಟದಲ್ಲಿ ಕಿವಿಗೊಟ್ಟು ಕೂತಿದ್ದಾನೆ. ಕೆಳಗೆ ಹೆಂಗಸರು ಮೂಟೆ ಹೊತ್ತು ಹಾಡಹಗಲೇ ಮುಂಬಾಗಿಲಿನಿಂದ ಹೋಗುತ್ತಿದ್ದಾರೆ. ಸೂಜಿ, ಸೊಪ್ಪು, ಗಂಟು ಎಲ್ಲವೂ ಅವನಿಗೆ ತೋರಿಸಲೆಂದೇ. ಕೊನೆಯ ಚಿತ್ರದಲ್ಲಿ ಮಾತ್ರ ಕಾವಲುಗಾರನ ಕಾಲು ಕಾಣುತ್ತಿತ್ತು. ಎರಡಕ್ಕೂ ಸಂಕೋಲೆ. ಅವನೆದುರು ಬಾಗಿಲು ತೆರೆದೇ ಇತ್ತು.

ಮೇಸ್ತ್ರಿ ತಲೆಯೆತ್ತಿದ. ಇಲ್ಲೂ ಬಾಗಿಲು ತೆರೆದಿತ್ತು. ಬೀದಿಯ ಬಿಸಿಲು ಅವನ ಪಾದದವರೆಗೆ ಬಂದಿತ್ತು. ಕೈಯಲ್ಲಿ ಅವನದೇ ಕಾರ್ಡು.

ಧಣಿ ಬೈದಾರೆಂದು, ಕಾರ್ಡನ್ನು ಡ್ರಾಯರಿಗೇ ಹಾಕಿ ಬೀಗ ಜಡಿದು, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡ.