ಹೆಗಲ ಮೇಲಿನ ಕೂಸು

ಜನತಾ ದರ್ಶನಕ್ಕೆ ಕೂಸನ್ನು ಎತ್ತಿಕೊಂಡು ಬಂದವರನ್ನು ಮಂತ್ರಿಗಳು ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ. ಈ ಹೆಂಗಸಿನ ಹೆಗಲ ಮೇಲೆ ಮಲಗಿದ್ದ ಹುಡುಗಿಯ ಕುತ್ತಿಗೆಯಂತೂ ಬಾಡಿದ ಬಳ್ಳಿಯ ಹಾಗೆ ಜೋತುಬಿದ್ದಿತ್ತು. ನೋಡಿದ ಕೂಡಲೇ ಅವರು ಜೇಬಿನಿಂದ ಪೆನ್ನು ತೆಗೆದರು.

"ಪರಿಹಾರ ನಿಧಿಯಿಂದ ಚಿಕಿತ್ಸೆಗೆ ಈಗಲೇ ಬರೆದುಕೊಡ್ತೀನಿ ತಾಯಿ."

ಫೋಟೋದವನು ಆಗಲೇ ಹತ್ತಿರ ಸರಿದಿದ್ದ.

"ಚಿಕಿತ್ಸೆಗೆ ಬೇಡ ಬುದ್ಧಿ. ಈ ಕಾಯಿಲೆಗೆ ಔಷಧಿನೇ ಇಲ್ಲ. ಅದನ್ನ ಹುಡುಕ್ತಿದ್ದ ಡಾಕ್ಟ್ರು ನಮ್ಮ ಸರ್ಕಾರಿ ಆಸ್ಪತ್ರೇಲೇ ಇದ್ದಾರೆ. ಅನುದಾನ ನಿಂತು ಅವರ ಪ್ರಯೋಗಾಲಯಕ್ಕೆ ಬೀಗ ಬಿದ್ದೈತೆ. ಆ ಬೀಗ ತೆಗೆಸಿಕೊಡಿ."

"ಸಂಶೋಧನೆ ಅಂದ್ರೆ ಹಪ್ಪಳ ಸುಟ್ಟಂಗಲ್ಲಮ್ಮ. ಹೊರದೇಶದವರು ಕಂಡುಹಿಡೀಲಿ, ನಾವು ತರಿಸೋಣ."

"ಏಳು ಸಮುದ್ರದಾಚೆಯಿಂದ ರಾಜಕುಮಾರ ಮದ್ದು ತರೋದು ಅಜ್ಜಿ ಕಥೇಲಿ ಬುದ್ಧಿ. ಈ ಕಾಯಿಲೆ ಬರೋದು ನಮ್ಮ ಸೀಮೆ ಬಡವರ ಮಕ್ಕಳಿಗೆ. ಹೊರದೇಶದವರಿಗ್ಯಾಕೆ ಬೇಕು ಇದರ ಉಸಾಬರಿ?"

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಮಂತ್ರಿಗಳು ನಗಲಿಲ್ಲ. ಎದ್ದು ಬಂದು ಕೂಸಿನ ತಲೆ ಸವರಿದರು.

"ದುಡ್ಡು ಕೊಟ್ಟರೂ ಔಷಧಿ ಸಿಗೋಕೆ ಹತ್ತು ವರ್ಷ ಹಿಡಿಯುತ್ತೆ ತಾಯಿ. ಅಷ್ಟರಲ್ಲಿ ನಿನ್ನ ಮಗಳು..."

"ನನ್ನ ಮಗಳು ಯುಗಾದಿ ಹಿಂದಿನ ದಿನವೇ ತೀರಿಕೊಂಡಳು ಬುದ್ಧಿ. ಇದು ಪಕ್ಕದ ಮನೆ ಕೂಸು. ವಸಿ ಮೆತ್ತಗೆ ಮಾತಾಡಿ, ಇದರ ತಾಯಿ ಬಾಗಿಲಾಚೆ ಕೂತವಳೆ. ಔಷಧಿ ಇಸ್ಕೊಂಡು ಬರ್ತೀನಿ ಅಂತ ಹೇಳಿ ಬಂದಿದ್ದೀನಿ."